ಸ್ಟೋರ್ ಪುಟ ಎಲ್ಲಿ ಕೈಕೊಡುತ್ತಿದೆ? ಇಂಡೀ ಗೇಮ್‌ಗಳ ಚಿತ್ರ ಮತ್ತು ವಿವರಣೆಗೊಂದು ದೋಷ ನಿವಾರಣೆ ಕೈಪಿಡಿ

ಗೇಮ್ ಆಡಿದವರೆಲ್ಲ ಮೆಚ್ಚುತ್ತಾರೆ, ಡೆಮೊ ಹಿಡಿದವರು ಬೇಗ ಬಿಡುವುದಿಲ್ಲ, ಆದರೆ ಸ್ಟೋರ್ ಪುಟದಲ್ಲಿ ಮಾತ್ರ ವಿಶ್‌ಲಿಸ್ಟ್ (ಮುಂದೆ ಕೊಳ್ಳಲೆಂದು ಆಟಗಾರರು ಗುರುತು ಹಾಕಿಡುವ ಪಟ್ಟಿ) ಏರುತ್ತಿಲ್ಲ. ಸಣ್ಣ, ಸ್ವತಂತ್ರ ತಂಡಗಳಲ್ಲಿ ಗೇಮ್ ಕಟ್ಟುವ ಇಂಡೀ ಡೆವಲಪರ್‌ಗಳಿಂದ ಪದೇ ಪದೇ ಕೇಳಿಬರುವ ದೂರು ಇದು. ಇದಕ್ಕೆ ಬಹುತೇಕರಿಗೆ ಮೊದಲು ತೋಚುವ ಪರಿಹಾರವೆಂದರೆ ಕ್ಯಾಪ್ಸೂಲ್ ಚಿತ್ರವನ್ನು, ಅಂದರೆ ಸ್ಟೋರ್‌ನ ಪಟ್ಟಿಗಳಲ್ಲಿ ಗೇಮ್‌ನ ಹೆಸರು ಹೊತ್ತು ಕಾಣುವ ಮುಖಚಿತ್ರವನ್ನು, ಹೊಸದಾಗಿ ಬರೆಸುವುದು. ಕೆಲವೊಮ್ಮೆ ಅದು ಫಲಿಸುತ್ತದೆ. ಆದರೆ ದೋಷವಿರುವುದು ಗೇಮ್‌ನ ಬಗೆಯನ್ನು ಸೂಚಿಸುವ ಟ್ಯಾಗ್‌ಗಳಲ್ಲಾದರೆ, ಮೊದಲ ಸ್ಕ್ರೀನ್‌ಶಾಟ್‌ನಲ್ಲಾದರೆ, ಇಲ್ಲವೇ ಕಿರು ವಿವರಣೆಯ ಮೊದಲ ವಾಕ್ಯದಲ್ಲಾದರೆ, ಎಷ್ಟೇ ಚೆಂದದ ಹೊಸ ಚಿತ್ರ ಬಂದರೂ ಅಂಕಿಗಳು ಕದಲುವುದಿಲ್ಲ. ಕಲಾವಿದರಿಗೆ ಕೊಟ್ಟ ಹಣವೂ ಬಿಡುಗಡೆಗೆ ಮುಂಚಿನ ಅಮೂಲ್ಯವಾದ ತಿಂಗಳುಗಳೂ ಅಷ್ಟರಲ್ಲಿ ಕೈಬಿಟ್ಟಿರುತ್ತವೆ.

ಆದ್ದರಿಂದ ಈ ಕೈಪಿಡಿ ಮೊದಲು ದೋಷದ ಸ್ಥಳವನ್ನು ಪತ್ತೆಹಚ್ಚುವುದಕ್ಕೆ, ಆಮೇಲೆ ತಿದ್ದುವುದಕ್ಕೆ ಗಮನ ಕೊಡುತ್ತದೆ. ಉದಾಹರಣೆಗಳು ಹೆಚ್ಚಾಗಿ ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಸ್ಟೋರ್‌ನ ಪುಟಕ್ಕೆ ಸಂಬಂಧಿಸಿದವು. ಬೇರೆ ಸ್ಟೋರ್‌ಗಳ ಮಾತು ಕೊನೆಯ ಭಾಗದಲ್ಲಿ ಬರುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಟ್ಟ ಚಿತ್ರದಿಂದಾಗಿ ಸೋಲುವ ಪುಟಗಳಿಗಿಂತ, ಒಳ್ಳೆಯದೇ ಆದರೂ ಬೇರೊಂದು ಆಟವನ್ನು ಸೂಚಿಸುವ ಚಿತ್ರದಿಂದಾಗಿ ಸೋಲುವ ಪುಟಗಳ ಕಡೆಗೆ ಹೆಚ್ಚು ಗಮನ ಹೋಗಬೇಕು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ದೋಷ ಯಾವ ಹಂತದಲ್ಲಿದೆ?

ಅಪರಿಚಿತ ಆಟಗಾರನೊಬ್ಬ ನಿಮ್ಮ ಗೇಮ್ ಕೊಳ್ಳುವವರೆಗೆ ಕೆಲವು ಹಂತಗಳನ್ನು ದಾಟುತ್ತಾನೆ. ಸ್ಟೋರ್ ಅವನಿಗೆ ಕ್ಯಾಪ್ಸೂಲ್ ತೋರಿಸಬೇಕು, ಅವನು ಅದನ್ನು ಒತ್ತಬೇಕು, ಪುಟಕ್ಕೆ ಬಂದವನು ಅಲ್ಲಿ ಉಳಿದು ನೋಡಬೇಕು, ವಿಶ್‌ಲಿಸ್ಟ್‌ಗೆ ಸೇರಿಸಬೇಕು ಅಥವಾ ಕೊಳ್ಳಬೇಕು, ಕೊಂಡ ಮೇಲೆ ಹಿಂತಿರುಗಿಸದೆ ಇರಬೇಕು. ಪುಟದ ಒಂದೊಂದು ಭಾಗವೂ ಈ ಹಂತಗಳಲ್ಲಿ ಒಂದಕ್ಕೆ ಜವಾಬ್ದಾರ. ಸ್ಟೋರ್ ಎಷ್ಟು ಜನರಿಗೆ ತೋರಿಸುತ್ತದೆ ಎಂಬುದರಲ್ಲಿ ಟ್ಯಾಗ್‌ಗಳ ಪಾಲು ದೊಡ್ಡದು. ಒತ್ತುವುದು ಬಿಡುವುದು ಕ್ಯಾಪ್ಸೂಲ್‌ನ ಕೆಲಸ. ಪುಟದಲ್ಲಿ ಉಳಿಸುವುದು ಟ್ರೇಲರ್, ಸ್ಕ್ರೀನ್‌ಶಾಟ್ ಮತ್ತು ಕಿರು ವಿವರಣೆಯ ಕೆಲಸ. ಹಿಂತಿರುಗಿಸುವ ಸಂಖ್ಯೆ ಏರಿದರೆ, ಇವೆಲ್ಲ ಸೇರಿ ಕೊಟ್ಟ ಮಾತಿಗೂ ಗೇಮ್‌ಗೂ ತಾಳೆಯಾಗುತ್ತಿದೆಯೇ ಎಂದು ಕೇಳಬೇಕಾಗುತ್ತದೆ.

ಡೆವಲಪರ್‌ಗಳಿಗೆಂದೇ ಇರುವ ಸ್ಟೀಮ್‌ವರ್ಕ್ಸ್ ತಾಣದಲ್ಲಿ ಸಿಗುವ ಟ್ರಾಫಿಕ್ ವರದಿಯಲ್ಲಿ ಇಂಪ್ರೆಷನ್‌ಗಳ (ಸ್ಟೋರ್ ಗೇಮ್ ಅನ್ನು ಎಷ್ಟು ಸಲ ತೋರಿಸಿತು ಎಂಬುದರ) ಸಂಖ್ಯೆ, ಪುಟಭೇಟಿಗಳ ಸಂಖ್ಯೆ ಮತ್ತು ಅವು ಸ್ಟೋರ್‌ನ ಯಾವ ಮೂಲೆಯಿಂದ ಬಂದವು ಎಂಬ ವಿಂಗಡಣೆ ಇರುತ್ತದೆ. ವರದಿಯ ಮೇಲ್ತುದಿಯ ಒಟ್ಟು ಕ್ಲಿಕ್ ಪ್ರಮಾಣವನ್ನು ನೋಡಿ ತೀರ್ಮಾನಕ್ಕೆ ಬರುವುದು ಇಲ್ಲಿ ಆಗುವ ಮೊದಲ ತಪ್ಪು. ಟ್ಯಾಗ್ ಪುಟದಲ್ಲಿ ನಿರ್ದಿಷ್ಟ ಬಗೆಯ ಆಟವನ್ನೇ ಹುಡುಕುತ್ತಾ ಬಂದವನ ಮನಃಸ್ಥಿತಿ ಬೇರೆ, ಮುಖಪುಟದಲ್ಲಿ ಸುಮ್ಮನೆ ಕಣ್ಣಾಡಿಸುವವನ ಮನಃಸ್ಥಿತಿ ಬೇರೆ. ಒಂದು ವಾರ ಮುಖಪುಟದಲ್ಲಿ ಹೆಚ್ಚು ಕಾಣಿಸಿಕೊಂಡರೆ ಇಂಪ್ರೆಷನ್ ಏರಿ ಒಟ್ಟು ಕ್ಲಿಕ್ ಪ್ರಮಾಣ ಇಳಿಯಬಹುದು. ಅಲ್ಲಿ ಬದಲಾದದ್ದು ನೋಡುಗರ ಬೆರಕೆಯೇ ಹೊರತು ಚಿತ್ರದ ಗುಣವಲ್ಲ. ಆದ್ದರಿಂದ ಹೋಲಿಕೆ ಯಾವಾಗಲೂ ಒಂದೇ ಮೂಲದೊಳಗೆ ನಡೆಯಬೇಕು: ಟ್ಯಾಗ್ ಪುಟದ ಅಂಕಿಯನ್ನು ಟ್ಯಾಗ್ ಪುಟದ ಹಿಂದಿನ ಅಂಕಿಯೊಂದಿಗೆ, ಹುಡುಕಾಟದ ಫಲಿತಾಂಶದ ಅಂಕಿಯನ್ನು ಹುಡುಕಾಟದ ಹಿಂದಿನ ಅಂಕಿಯೊಂದಿಗೆ.

ಆಟಗಾರನಿಗೆ ಹೊಸ ಗೇಮ್‌ಗಳನ್ನು ಸಾಲಾಗಿ ಪರಿಚಯಿಸುವ ಸ್ಟೀಮ್‌ನ ಡಿಸ್ಕವರಿ ಕ್ಯೂ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಲ್ಲಿ ಆಟಗಾರ ಕ್ಯಾಪ್ಸೂಲ್ ಒತ್ತಿ ಬರುವುದಿಲ್ಲ. ಪುಟಗಳು ಒಂದರ ಹಿಂದೊಂದು ತಾವಾಗಿಯೇ ಅವನ ಮುಂದೆ ತೆರೆದುಕೊಳ್ಳುತ್ತವೆ. ಹೀಗಾಗಿ ಕ್ಯೂನಿಂದ ಭೇಟಿಗಳು ಒಮ್ಮೆಲೇ ಏರಿದಾಗ ಭೇಟಿಗೆ ಇಷ್ಟು ವಿಶ್‌ಲಿಸ್ಟ್ ಎಂಬ ಲೆಕ್ಕ ಕುಸಿದಂತೆ ಕಾಣುತ್ತದೆ. ಆ ಕುಸಿತವನ್ನು ಕ್ಯಾಪ್ಸೂಲ್‌ನ ತಲೆಗೆ ಕಟ್ಟಬಾರದು. ಆದರೆ ಇದೇ ಕ್ಯೂ ಇನ್ನೊಂದು ಪರೀಕ್ಷೆಗೆ ಒದಗುತ್ತದೆ: ಕ್ಯಾಪ್ಸೂಲ್‌ನ ನೆರವಿಲ್ಲದೆ ಬಂದ ಜನ ಪುಟವನ್ನು ನೋಡಿ ವಿಶ್‌ಲಿಸ್ಟ್‌ಗೆ ಸೇರಿಸುತ್ತಿದ್ದರೆ ಪುಟದ ಒಳಭಾಗ ಗಟ್ಟಿಯಾಗಿದೆ ಎಂದೂ, ದೋಷ ಹೊರಗಿನ ಚಿತ್ರದಲ್ಲಿದೆ ಎಂದೂ ಶಂಕಿಸಲು ಒಳ್ಳೆಯ ಆಧಾರ ಸಿಗುತ್ತದೆ.

ಇಂಪ್ರೆಷನ್‌ಗಳೇ ಕಡಿಮೆ ಇದ್ದರೆ

ಚಿತ್ರ ಎಷ್ಟೇ ಚೆನ್ನಾಗಿದ್ದರೂ ಕಣ್ಣಿಗೆ ಬೀಳದಿದ್ದರೆ ಅದರ ಗುಣದೋಷದ ಪ್ರಶ್ನೆಯೇ ಏಳುವುದಿಲ್ಲ. ಈ ಲಕ್ಷಣ ಕಂಡಾಗ ಕಲಾವಿದರನ್ನು ಹುಡುಕುವ ಮುನ್ನ ಟ್ಯಾಗ್‌ಗಳನ್ನು ತೆರೆದು ನೋಡಿ. ಸ್ಟೀಮ್‌ನಲ್ಲಿ ಒಂದು ಗೇಮ್‌ಗೆ 20 ಟ್ಯಾಗ್‌ಗಳವರೆಗೆ ಅವಕಾಶವಿದೆ, ಮತ್ತು ಅವುಗಳ ಅನುಕ್ರಮಕ್ಕೂ ಬೆಲೆಯಿದೆ. ಐದಾರು ಟ್ಯಾಗ್ ಹಾಕಿ ಬಿಟ್ಟಿದ್ದರೆ, ಅಥವಾ ಮೊದಲ ಸ್ಥಾನಗಳನ್ನು ‘ಇಂಡೀ’, ‘ಸಿಂಗಲ್‌ಪ್ಲೇಯರ್’, ‘ಅಡ್ವೆಂಚರ್’ ಮುಂತಾದ, ಯಾವ ಗೇಮ್‌ಗೂ ಒಪ್ಪುವ ಪದಗಳು ಹಿಡಿದಿದ್ದರೆ ದೋಷ ಸಿಕ್ಕಂತೆಯೇ. ಆಟದ ಬಗೆಯನ್ನು ಖಚಿತವಾಗಿ ಹೇಳುವ ಟ್ಯಾಗ್‌ಗಳು ಮೊದಲು ಬರಬೇಕು; ನಂತರ ಆಟ ನಡೆಯುವ ರೀತಿ (ಮೆಕ್ಯಾನಿಕ್ಸ್), ಆಮೇಲೆ ನೋಟ ಮತ್ತು ಭಾವ.

ಪರೀಕ್ಷೆ ಸರಳವಾಗಿದೆ. ನಿಮ್ಮ ಪುಟದ ಕೆಳಭಾಗದಲ್ಲಿ ಇದೇ ತರಹದ ಗೇಮ್‌ಗಳನ್ನು ತೋರಿಸುವ ಸಾಲಿರುತ್ತದೆ. ಅಲ್ಲಿರುವ ಗೇಮ್‌ಗಳನ್ನು ಇಷ್ಟಪಟ್ಟವರು ನಿಮ್ಮದನ್ನೂ ಇಷ್ಟಪಡುತ್ತಾರೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಸಂಬಂಧವೇ ಇಲ್ಲದ ಗೇಮ್‌ಗಳು ಅಲ್ಲಿದ್ದರೆ ಸ್ಟೋರ್ ನಿಮ್ಮ ಗೇಮ್ ಅನ್ನು ತಪ್ಪಾಗಿ ಅರ್ಥಮಾಡಿಕೊಂಡಿದೆ, ಮತ್ತು ತಪ್ಪು ಜನರಿಗೇ ಅದನ್ನು ತೋರಿಸುತ್ತಿದೆ.

ಕಾಣಿಸುತ್ತಿದೆ, ಆದರೆ ಯಾರೂ ಒತ್ತುತ್ತಿಲ್ಲ

ಇದು ಕ್ಯಾಪ್ಸೂಲ್‌ನ ದೋಷ. ಆದರೆ ಕ್ಯಾಪ್ಸೂಲ್ ಎಂದರೆ ಒಂದೇ ಚಿತ್ರವಲ್ಲ ಎಂಬುದನ್ನು ಮರೆಯಬಾರದು. ಸ್ಟೀಮ್ ಈಗ ಕೇಳುವ ಅಳತೆಗಳಲ್ಲಿ ಹೆಡರ್ (ಪುಟದ ಮೇಲ್ಭಾಗದ ಚಿತ್ರ) 920×430, ಸಣ್ಣ ಕ್ಯಾಪ್ಸೂಲ್ 462×174, ಮುಖ್ಯ ಕ್ಯಾಪ್ಸೂಲ್ 1232×706, ಲಂಬ ಕ್ಯಾಪ್ಸೂಲ್ 748×896 ಪಿಕ್ಸೆಲ್ ಇವೆ. ಆಟಗಾರ ಕೊಂಡ ಗೇಮ್‌ಗಳು ಕಾಣುವ ಲೈಬ್ರರಿಗೆ 600×900ರ ಚಿತ್ರ ಮತ್ತು 3840×1240ರ ಅಗಲವಾದ ಹಿನ್ನೆಲೆ ಚಿತ್ರ ಬೇರೆ ಬೇಕು. ಒಂದು ಅಡ್ಡಲಾಗಿ ಉದ್ದ, ಇನ್ನೊಂದು ನಿಂತಂತೆ ಎತ್ತರ. ದೊಡ್ಡ ಚಿತ್ರವೊಂದನ್ನು ಬರೆಸಿ ಅದನ್ನೇ ಎಲ್ಲ ಅಳತೆಗೂ ಕತ್ತರಿಸಿ ಕೂಡಿಸುವುದು ಅತ್ಯಂತ ಸಾಮಾನ್ಯವಾದ ದೋಷ, ಮತ್ತು ಅತಿ ಹೆಚ್ಚು ಹಾನಿ ಮಾಡುವ ದೋಷವೂ ಹೌದು.

ಸಣ್ಣ ಕ್ಯಾಪ್ಸೂಲ್‌ನಿಂದಲೇ ತಪಾಸಣೆ ಆರಂಭಿಸಿ, ಏಕೆಂದರೆ ಹುಡುಕಾಟದ ಫಲಿತಾಂಶ ಮತ್ತು ಪಟ್ಟಿಗಳಲ್ಲಿ ಆಟಗಾರ ನೋಡುವುದು ಅದನ್ನೇ. ಸ್ಟೀಮ್ ಅದನ್ನು ಇನ್ನೂ ಕುಗ್ಗಿಸಿ 120×45 ಪಿಕ್ಸೆಲ್‌ನಷ್ಟು ಚಿಕ್ಕದಾಗಿಯೂ ತೋರಿಸುತ್ತದೆ. ಈಗ ಸ್ವಲ್ಪ ಲೆಕ್ಕ ಹಾಕೋಣ. ಮುಖ್ಯ ಕ್ಯಾಪ್ಸೂಲ್‌ನಲ್ಲಿ ಲೋಗೋ ಚಿತ್ರದ ಅಗಲದ ಮೂರನೇ ಒಂದು ಭಾಗ ಆವರಿಸಿದೆ ಎಂದುಕೊಳ್ಳಿ. ದೊಡ್ಡ ಪರದೆಯಲ್ಲಿ ಅದು ಸೊಗಸಾಗಿಯೇ ಕಾಣುತ್ತದೆ. ಅದೇ ಪ್ರಮಾಣವನ್ನು ಸಣ್ಣದಕ್ಕೆ ಇಳಿಸಿದರೆ ಲೋಗೋಗೆ ದಕ್ಕುವುದು 40 ಪಿಕ್ಸೆಲ್ ಅಗಲ. ಗೇಮ್‌ನ ಹೆಸರಿನಲ್ಲಿ ಒಂದೇ ಸಾಲಿಗೆ 14 ಅಕ್ಷರಗಳಿದ್ದರೆ ಒಂದೊಂದಕ್ಕೆ ಮೂರು ಪಿಕ್ಸೆಲ್‌ಗಿಂತಲೂ ಕಡಿಮೆ ಜಾಗ. ಮೂರು ಪಿಕ್ಸೆಲ್‌ನಲ್ಲಿ ಯಾವ ಅಕ್ಷರವನ್ನೂ ಗುರುತಿಸಲಾಗದು. ಸಣ್ಣ ಕ್ಯಾಪ್ಸೂಲ್‌ನಲ್ಲಿ ಲೋಗೋ ಬಹುಮಟ್ಟಿಗೆ ಇಡೀ ಚೌಕಟ್ಟನ್ನು ತುಂಬಬೇಕೆಂದು ಸ್ಟೀಮ್‌ನ ಮಾರ್ಗದರ್ಶನವೇ ಹೇಳುತ್ತದೆ. ಅಲ್ಲಿ ಹಿನ್ನೆಲೆಯ ಬೆಟ್ಟ, ಮೋಡ, ಎರಡನೆಯ ಪಾತ್ರ ಎಲ್ಲವನ್ನೂ ತೆಗೆದುಹಾಕಿ. ಲೋಗೋ, ಅದರ ಪಕ್ಕದಲ್ಲಿ ಹೆಚ್ಚೆಂದರೆ ಒಂದು ಮುಖ ಅಥವಾ ಒಂದು ವಸ್ತು ಇದ್ದರೆ ಸಾಕು. ಹೆಸರು ಉದ್ದವಾಗಿದ್ದರೆ ಎರಡು ಸಾಲು ಮಾಡಬಹುದು. ಮೂರು ಸಾಲಾದರೆ 45 ಪಿಕ್ಸೆಲ್ ಎತ್ತರದಲ್ಲಿ ಪ್ರತಿ ಸಾಲಿಗೆ ಅಂತರವೂ ಸೇರಿ 15 ಪಿಕ್ಸೆಲ್ ಮಾತ್ರ ಸಿಗುತ್ತದೆ; ತೆಳುವಾದ, ಕೈಬರಹದಂತಹ ಫಾಂಟ್ ಆಗಿದ್ದರೆ ಅದು ಗೆರೆಗಳ ಗೋಜಲಾಗಿಬಿಡುತ್ತದೆ.

ಓದಲು ಬರುತ್ತದೆ ಎಂದಾದ ಮೇಲೆ ಬಣ್ಣದ ತಪಾಸಣೆ. ಚಿತ್ರವನ್ನು ಕಪ್ಪುಬಿಳುಪಿಗೆ ಪರಿವರ್ತಿಸಿ ನೋಡಿ. ಲೋಗೋ ಮತ್ತು ಹಿನ್ನೆಲೆ ಎರಡೂ ಒಂದೇ ಬೂದಿಗೆ ತಿರುಗಿದರೆ, ಬಣ್ಣದಲ್ಲಿ ಅವು ಬೇರೆಬೇರೆಯಾಗಿ ಕಂಡದ್ದು ಹುಸಿ ನಿರಾಳ. ಕೆಂಪು ಅಕ್ಷರಗಳನ್ನು ಕಡುಹಸಿರಿನ ಮೇಲೆ ಇಟ್ಟಾಗ ಹೀಗಾಗುವುದು ಹೆಚ್ಚು, ಮತ್ತು ಕೆಂಪು–ಹಸಿರು ಬಣ್ಣಗುರುಡು ಇರುವ ಆಟಗಾರರಿಗೆ ಆ ಹೆಸರು ಪೂರ್ತಿ ಕಾಣದೆಯೂ ಹೋಗಬಹುದು. ಜೊತೆಗೆ ಸ್ಟೀಮ್‌ನ ಹಿನ್ನೆಲೆ ಕಡುನೀಲಿ ಎಂಬುದನ್ನೂ ಗಮನಿಸಬೇಕು. ರಾತ್ರಿಯ ದೃಶ್ಯವಿರುವ ಚಿತ್ರದ ಅಂಚುಗಳು ಕಡುನೀಲಿಯಲ್ಲೇ ಮುಗಿದರೆ ಚಿತ್ರದ ಗಡಿ ಕರಗಿ, ಇಡೀ ಕ್ಯಾಪ್ಸೂಲ್ ಪುಟದಲ್ಲಿ ಖಾಲಿ ಜಾಗದಂತೆ ಕಾಣುತ್ತದೆ. ವಿನ್ಯಾಸದ ತಂತ್ರಾಂಶದಲ್ಲಿ ಬಿಳಿ ಹಾಸಿನ ಮೇಲೆ ಚಿತ್ರ ನೋಡುತ್ತಾ ಕೆಲಸ ಮಾಡಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ಮುಂದಿನ ಪರೀಕ್ಷೆಯೇ ಅತಿ ಮುಖ್ಯವಾದದ್ದು. ನಿಮ್ಮ ಬಗೆಯ ಗೇಮ್‌ಗಳ ಟ್ಯಾಗ್ ಪುಟವನ್ನು ತೆರೆದು ಅದರ ಚಿತ್ರ ತೆಗೆದುಕೊಳ್ಳಿ, ಅದರಲ್ಲಿ ಒಂದು ಕ್ಯಾಪ್ಸೂಲ್‌ನ ಜಾಗದಲ್ಲಿ ನಿಮ್ಮದನ್ನು ಕೂರಿಸಿ, ನಿಮ್ಮ ಗೇಮ್ ಬಗ್ಗೆ ಏನೂ ತಿಳಿಯದ ಒಬ್ಬರಿಗೆ ಎರಡು ಮೂರು ಕ್ಷಣ ತೋರಿಸಿ ಮುಚ್ಚಿಬಿಡಿ. ‘ಚೆನ್ನಾಗಿದೆಯೇ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಸ್ನೇಹಿತರು ಯಾವಾಗಲೂ ಹೌದೆನ್ನುತ್ತಾರೆ. ‘ಇದು ಎಂಥ ಆಟ ಇರಬಹುದು? ಆಡುವವನು ಇದರಲ್ಲಿ ಏನು ಮಾಡುತ್ತಾನೆ?’ ಎಂದು ಕೇಳಿ. ಉತ್ತರ ನಿಮ್ಮ ಮೊದಲ ಮೂರು ಟ್ಯಾಗ್‌ಗಳಿಗೆ ಹತ್ತಿರವಾಗಿದ್ದರೆ ಕ್ಯಾಪ್ಸೂಲ್ ತನ್ನ ಕೆಲಸ ಮಾಡುತ್ತಿದೆ. ದೂರವಾಗಿದ್ದರೆ, ಅದು ಎಷ್ಟೇ ಸುಂದರವಾಗಿದ್ದರೂ ಬದಲಾಗಲೇಬೇಕು. ನೋಡಿದವರೆಲ್ಲ ಹೊಗಳಿದ ಚಿತ್ರವನ್ನು ಕೈಬಿಡುವುದು ಕಷ್ಟವೆಂದು ಬಲ್ಲೆ, ಆದರೂ ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ಇನ್ನೊಂದು ತಪಾಸಣೆ ನಿಯಮಗಳದ್ದು. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್‌ನ ಕ್ಯಾಪ್ಸೂಲ್‌ಗಳಲ್ಲಿ ಗೇಮ್‌ನ ಚಿತ್ರ, ಗೇಮ್‌ನ ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆ ಮಾತ್ರ ಇರಬಹುದು. ವಿಮರ್ಶೆಯ ಅಂಕ, ಪ್ರಶಸ್ತಿಯ ಹೆಸರು, ರಿಯಾಯಿತಿಯ ಘೋಷಣೆ ಇವಕ್ಕೆ ಅಲ್ಲಿ ಜಾಗವಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಸಾರುವ ಪಠ್ಯವಿರುವ ಚಿತ್ರವನ್ನು ತಾತ್ಕಾಲಿಕವಾಗಿ, ಒಂದು ತಿಂಗಳವರೆಗೆ, ಹಾಕಲು ಪ್ರತ್ಯೇಕ ವ್ಯವಸ್ಥೆಯಿದೆ. ಹಳೆಯ ಪುಟಗಳ ಕ್ಯಾಪ್ಸೂಲ್ ನೋಡಿ ಅನುಕರಿಸಿದವರು ಇಲ್ಲಿ ಎಡವುತ್ತಾರೆ.

ಕಲಾವಿದರಿಗೆ ಕೆಲಸ ವಹಿಸುವಾಗ ಲೋಗೋ, ಮುಖ್ಯ ಪಾತ್ರ, ಹಿನ್ನೆಲೆ ಮೂರನ್ನೂ ಬೇರೆಬೇರೆ ಲೇಯರ್‌ಗಳಲ್ಲಿ ಕೊಡಬೇಕೆಂದು ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಿ. ಲೈಬ್ರರಿಯ ಅಗಲ ಚಿತ್ರದಲ್ಲಿ ಅಕ್ಷರಗಳಿರಬಾರದು, ಲೋಗೋವನ್ನು ಅಲ್ಲಿ ಪ್ರತ್ಯೇಕ ಕಡತವಾಗಿ ಸೇರಿಸಬೇಕು. ಎಲ್ಲವೂ ಒಂದೇ ಪದರದಲ್ಲಿ ಅಂಟಿಕೊಂಡಿರುವ ಚಿತ್ರ ಕೈಗೆ ಬಂದರೆ ಇಂಥ ಪ್ರತಿ ಅಳತೆಗೂ ಮತ್ತೆ ಕಲಾವಿದರ ಬಳಿಗೆ ಹೋಗಬೇಕಾಗುತ್ತದೆ.

ಪುಟಕ್ಕೆ ಬರುತ್ತಾರೆ, ಬಂದ ಹಾಗೆಯೇ ಹೋಗುತ್ತಾರೆ

ಇದು ಹೆಚ್ಚು ಸಂಕೀರ್ಣವಾದ ಲಕ್ಷಣ, ಏಕೆಂದರೆ ಇದಕ್ಕೆ ಎರಡು ಕಾರಣಗಳಿರಬಹುದು. ಪುಟದ ಒಳಭಾಗ ದುರ್ಬಲವಾಗಿರಬಹುದು, ಅಥವಾ ಕ್ಯಾಪ್ಸೂಲ್ ಬೇರೆ ಆಟದ ಆಸೆ ಹುಟ್ಟಿಸಿ ತಪ್ಪು ಜನರನ್ನು ಕರೆತರುತ್ತಿರಬಹುದು. ಎರಡನೆಯ ಪ್ರಕರಣದಲ್ಲಿ ಕ್ಲಿಕ್ ಪ್ರಮಾಣ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಕ್ಯಾಪ್ಸೂಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಆಟವನ್ನು ಕಲ್ಪಿಸಿಕೊಳ್ಳೋಣ. ಬಿರುಗಾಳಿಯ ರಾತ್ರಿಗಳಲ್ಲಿ ದೀಪಸ್ತಂಭದ ಕಾವಲುಗಾರನೊಬ್ಬ ಬೆಳಕನ್ನು ಅತ್ತಿತ್ತ ತಿರುಗಿಸಿ ಹಡಗುಗಳನ್ನು ಬಂಡೆಗಳ ನಡುವಿನಿಂದ ದಡ ಸೇರಿಸುತ್ತಾನೆ. ಇದು ಚೌಕಗಳ ಹಲಗೆಯ ಮೇಲೆ ನಡೆಯುವ, ಸರದಿ ಆಧಾರಿತ, ಲೆಕ್ಕಾಚಾರ ಬೇಡುವ ತಂತ್ರದ ಆಟ. ಅದರ ಕ್ಯಾಪ್ಸೂಲ್‌ನಲ್ಲಿ ಸಂಜೆಗೆಂಪಿನ ಆಕಾಶ, ದೂರದಲ್ಲಿ ಒಂಟಿ ಸ್ತಂಭ, ಅದರತ್ತ ಬೆನ್ನು ತೋರಿಸಿ ನಡೆಯುತ್ತಿರುವ ಪುಟ್ಟ ಆಕೃತಿ. ನೋಡಿದವರು ಮನಸೋಲುತ್ತಾರೆ, ಒತ್ತುತ್ತಾರೆ. ಆದರೆ ಅವರು ನಿರೀಕ್ಷಿಸಿದ್ದು ನಿಧಾನವಾಗಿ ನಡೆದಾಡುತ್ತಾ ಕಥೆ ಕೇಳುವ ಆಟ. ಪುಟದಲ್ಲಿ ಚೌಕಗಳೂ ಅಂಕಿಗಳೂ ಕಂಡ ಕೂಡಲೇ ಹಿಂದಿರುಗುತ್ತಾರೆ. ಇತ್ತ ತಂತ್ರದ ಆಟಗಳನ್ನು ಪ್ರೀತಿಸುವವರು ಅದೇ ಕ್ಯಾಪ್ಸೂಲ್ ನೋಡಿ, ಇದು ತಮಗಲ್ಲವೆಂದು ದಾಟಿಹೋಗಿರುತ್ತಾರೆ. ಹೀಗೆ ಎರಡೂ ಕಡೆಯ ಜನ ಕೈತಪ್ಪುತ್ತಾರೆ. ಇಲ್ಲಿ ಚಿತ್ರದ ಗುಣಮಟ್ಟವನ್ನು ಮುಟ್ಟಬೇಕಾಗಿಲ್ಲ. ಮೇಲಿನಿಂದ ನೋಡುವ ಕೋನ, ಕತ್ತಲನ್ನು ಸೀಳುವ ಬೆಳಕಿನ ಪಟ್ಟಿ, ಅದರೊಳಗೆ ಒಂದು ಹಡಗು, ಹೊರಗೆ ಬಂಡೆಯತ್ತ ಸಾಗುತ್ತಿರುವ ಇನ್ನೊಂದು ಹಡಗು, ಇಷ್ಟು ಬಂದರೆ ಆಯ್ಕೆ ಮಾಡಬೇಕಾದ ಆಟ ಇದೆಂದು ಹೇಳದೆಯೇ ತಿಳಿಯುತ್ತದೆ.

ಈ ಎರಡು ಕಾರಣಗಳನ್ನು ಬೇರ್ಪಡಿಸುವುದು ಹೇಗೆ? ಕ್ಯಾಪ್ಸೂಲ್ ತೋರಿಸದೆ, ಪುಟದ ಒಳಭಾಗವನ್ನು ಮಾತ್ರ, ನಿಮ್ಮ ಬಗೆಯ ಆಟಗಳನ್ನು ನಿಜಕ್ಕೂ ಆಡುವ ಕೆಲವರಿಗೆ ತೋರಿಸಿ. ಅವರಿಗೆ ಆಸಕ್ತಿ ಮೂಡಿದರೆ ಒಳಭಾಗ ಸರಿಯಿದೆ, ತಪ್ಪು ಜನರನ್ನು ಕರೆತರುತ್ತಿರುವುದು ಹೊರಗಿನ ಚಿತ್ರ. ಅವರೂ ತಣ್ಣಗೆ ಉಳಿದರೆ ಮುಂದಿನ ತಪಾಸಣೆಗೆ ಹೋಗಿ.

ಪುಟ ತೆರೆದಾಗ ಸಾಮಾನ್ಯವಾಗಿ ಮೊದಲ ಟ್ರೇಲರ್ ತಾನಾಗಿಯೇ ಓಡತೊಡಗುತ್ತದೆ. ಸ್ಟುಡಿಯೋದ ಲಾಂಛನ, ಪ್ರಕಾಶಕರ ಲಾಂಛನ, ಕಪ್ಪು ಪರದೆಯ ಮೇಲೆ ಮೂಡಿ ಮಾಯವಾಗುವ ಗಾದೆಯಂತಹ ವಾಕ್ಯ, ಇವೆಲ್ಲ ಮುಗಿಯುವಷ್ಟರಲ್ಲಿ ನೋಡುಗ ಹೊರಟುಹೋಗಿರುತ್ತಾನೆ. ಮೊದಲ ಕ್ಷಣದಿಂದಲೇ ಆಟ ಕಾಣಬೇಕು: ಆಡುವವನು ಒಂದು ಕೆಲಸ ಮಾಡುತ್ತಾನೆ, ಆಟದ ಲೋಕ ಅದಕ್ಕೆ ಪ್ರತಿಕ್ರಿಯಿಸುತ್ತದೆ. ಧ್ವನಿ ಮುಚ್ಚಿ ನೋಡಿದಾಗಲೂ ಅರ್ಥವಾಗುವಂತೆ ಅದು ಇರಬೇಕು. ಕಥೆಯ ಸಿನಿಮೀಯ ಟ್ರೇಲರ್ ಇದ್ದರೆ ಅದನ್ನು ಎರಡನೆಯದಾಗಿ ಇಡಿ.

ಸ್ಕ್ರೀನ್‌ಶಾಟ್‌ಗಳು ಕನಿಷ್ಠ ಐದು ಬೇಕೆಂಬುದು ಸ್ಟೀಮ್‌ನ ನಿಯಮ. ಅಳತೆ 1920×1080 ಪಿಕ್ಸೆಲ್ ಇದ್ದರೆ ಒಳ್ಳೆಯದು. ಅವು ನಿಜವಾದ ಆಟದ ದೃಶ್ಯಗಳಾಗಿರಬೇಕೇ ಹೊರತು ಕಲ್ಪನಾಚಿತ್ರ ಅಥವಾ ಪ್ರಶಸ್ತಿಗಳ ಫಲಕವಾಗಿರಬಾರದು. ನಿಯಮ ಪಾಲಿಸಿದರೂ ಉಳಿಯುವ ದೋಷಗಳು ಬೇರೆಯೇ. ಐದೂ ಚಿತ್ರಗಳು ಒಂದೇ ಮಟ್ಟದಿಂದ, ಒಂದೇ ಬಣ್ಣದಲ್ಲಿ ಇರುವುದು ಒಂದು. ಸುಂದರವಾಗಿ ಕಾಣಲೆಂದು ಪರದೆಯ ಮೇಲಿನ ಸೂಚಕಗಳನ್ನೆಲ್ಲ ಮರೆಮಾಡಿ, ಆಟದ ಬಗೆಯೇ ತಿಳಿಯದಂತೆ ಮಾಡುವುದು ಇನ್ನೊಂದು. ತಂತ್ರದ ಆಟ, ಕಾರ್ಡ್ ಆಟ, ನಿರ್ವಹಣೆಯ ಆಟಗಳನ್ನು ಹುಡುಕುವವರು ಮೊದಲು ನೋಡುವುದೇ ಆ ಸೂಚಕಗಳನ್ನು; ಅವರ ಪಾಲಿಗೆ ಗುಂಡಿಗಳೂ ಅಂಕಿಗಳೂ ಆಕರ್ಷಣೆಯೇ. ಕ್ಯಾಪ್ಸೂಲ್ ಮೇಲೆ ಮೌಸ್ ಇಟ್ಟಾಗ ಮೂಡುವ ಪುಟ್ಟ ಕಿಟಕಿಗೆ ಬೇಕಾದ ಸ್ಕ್ರೀನ್‌ಶಾಟ್‌ಗಳನ್ನು, ಎಲ್ಲ ವಯಸ್ಸಿನವರಿಗೂ ಸೂಕ್ತವೆಂದು ನೀವು ಗುರುತು ಹಾಕಿದವುಗಳಿಂದ ಸ್ಟೀಮ್ ಆರಿಸುತ್ತದೆ. ಗುರುತು ಹಾಕುವಾಗ ಅಜಾಗರೂಕತೆಯಿಂದ ಮೆನು ಪರದೆ, ಸಂಭಾಷಣೆಯ ಪರದೆಗಳನ್ನೇ ಆರಿಸಿದ್ದರೆ ಪುಟಕ್ಕೆ ಬರುವ ಮೊದಲೇ ಆಟಗಾರ ಅವನ್ನೇ ನೋಡುತ್ತಾನೆ. ಇದನ್ನು ಪರೀಕ್ಷಿಸದೆ ಬಿಡುವವರು ಬಹಳ.

ಕಿರು ವಿವರಣೆಯ ದೋಷಗಳು

ಪುಟದ ಮೇಲ್ಭಾಗದಲ್ಲಿ ಹೆಡರ್ ಚಿತ್ರದ ಕೆಳಗೆ ಬರುವ ಕಿರು ವಿವರಣೆಗೆ ಸಿಗುವುದು ಸುಮಾರು 300 ಅಕ್ಷರಗಳ ಜಾಗ. ಈ 300 ಅಕ್ಷರಗಳ ಮೇಲೆ ಖರ್ಚಾಗಬೇಕಾದ ಶ್ರಮ ಎಷ್ಟೋ ಪುಟಗಳಲ್ಲಿ ಖರ್ಚಾಗಿಲ್ಲ ಎಂಬುದು ನನ್ನನ್ನು ನಿಜಕ್ಕೂ ಬೇಸರಗೊಳಿಸುವ ಸಂಗತಿ. ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ ಆಟವನ್ನು ಯಾರದೋ ಆಟಕ್ಕೆ ಹೊಂದುವ ಎರಡು ವಾಕ್ಯಗಳಲ್ಲಿ ಮುಗಿಸಿಬಿಟ್ಟಿರುತ್ತಾರೆ. ಮೇಲಿನ ದೀಪಸ್ತಂಭದ ಆಟಕ್ಕೆ ಸಾಮಾನ್ಯವಾಗಿ ಬರೆಯಲಾಗುವ ವಿವರಣೆ ಹೀಗಿರುತ್ತದೆ:

“ಬೆಳಕು ಮತ್ತು ಕತ್ತಲೆಯ ನಡುವೆ, ಜಗತ್ತು ಮರೆತ ಕಡಲತೀರದಲ್ಲಿ, ಒಬ್ಬ ಕಾವಲುಗಾರನ ಮರೆಯಲಾಗದ ಪಯಣ. ಆಳವಾದ ಕಥೆ, ರೋಮಾಂಚಕ ಅನುಭವ ಮತ್ತು ವಿಶಿಷ್ಟ ಆಟದ ಶೈಲಿ ನಿಮಗಾಗಿ ಕಾದಿವೆ.”

ದೋಷ ಹುಡುಕುವ ವಿಧಾನ ಇದು: ವಾಕ್ಯದಲ್ಲಿರುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ, ಆಟಗಾರ ಮಾಡುವ ಕೆಲಸವನ್ನು ಅವು ಹೇಳುತ್ತವೆಯೇ ನೋಡಿ. ಮೇಲಿನ ವಿವರಣೆಯಲ್ಲಿರುವ ಕ್ರಿಯೆ ‘ಕಾದಿವೆ’ ಒಂದೇ, ಅದೂ ಆಟಗಾರನದ್ದಲ್ಲ. ಎರಡನೆಯ ಪರೀಕ್ಷೆ: ಕಾವಲುಗಾರ ಎಂಬಲ್ಲಿ ಬೇಟೆಗಾರ ಎಂದೂ, ಕಡಲತೀರ ಎಂಬಲ್ಲಿ ಕಾಡು ಎಂದೂ ಬದಲಿಸಿ ಓದಿ. ವಾಕ್ಯ ಹಾಗೆಯೇ ಇನ್ನೊಂದು ಗೇಮ್‌ಗೂ ಹೊಂದಿಕೊಂಡರೆ ಅದು ನಿಮ್ಮ ಗೇಮ್ ಬಗ್ಗೆ ಏನನ್ನೂ ಹೇಳಿಲ್ಲ. ತಿದ್ದಿದ ರೂಪ ಹೀಗಿರಬಹುದು:

“ಸರದಿ ಆಧಾರಿತ ತಂತ್ರದ ಆಟ. ದೀಪಸ್ತಂಭದ ಬೆಳಕನ್ನು ಯಾವ ಹಡಗಿನತ್ತ ತಿರುಗಿಸಬೇಕೆಂದು ಪ್ರತಿ ಸರದಿಯಲ್ಲೂ ನಿರ್ಧರಿಸಿ: ಬೆಳಕು ಬಿದ್ದದ್ದು ಬಂಡೆ ತಪ್ಪಿಸಿ ಸಾಗುತ್ತದೆ, ಕತ್ತಲಲ್ಲಿ ಉಳಿದದ್ದು ಗಾಳಿ ತಳ್ಳಿದತ್ತ ಹೋಗುತ್ತದೆ. ದಡ ಸೇರಿದ ಸರಕಿನಿಂದ ಸ್ತಂಭವನ್ನು ಬಲಪಡಿಸಿ, ಮುಂದಿನ ಬಿರುಗಾಳಿಗೆ ಸಜ್ಜಾಗಿ.”

ಇದರಲ್ಲಿ ಮೊದಲ ಮೂರು ನಾಲ್ಕು ಪದಗಳಲ್ಲೇ ಆಟದ ಬಗೆ ತಿಳಿಯಿತು, ಆಟಗಾರ ಎದುರಿಸುವ ಆಯ್ಕೆ ತಿಳಿಯಿತು, ತಪ್ಪು ಆಯ್ಕೆಗೆ ತೆರಬೇಕಾದ ಬೆಲೆಯೂ ತಿಳಿಯಿತು. ಭಾವದ ಮಾತು ಬೇಡವೆಂದಲ್ಲ. ಕತ್ತಲಲ್ಲಿ ಉಳಿದ ಹಡಗನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ ಎಂಬಲ್ಲಿ ಭಾವವೂ ಇದೆ, ನಿಯಮವೂ ಇದೆ. ಕಥೆಯೇ ಜೀವಾಳವಾದ ಆಟಗಳಲ್ಲಿ ಈ ಸೂತ್ರ ಸ್ವಲ್ಪ ಬದಲಾಗುತ್ತದೆ: ಅಲ್ಲಿ ಆಟಗಾರ ಯಾರ ಸ್ಥಾನದಲ್ಲಿ ನಿಂತಿದ್ದಾನೆ, ಅವನ ಮುಂದಿರುವ ಪ್ರಶ್ನೆ ಏನು ಎಂಬುದು ಕ್ರಿಯೆಯಷ್ಟೇ ಮುಖ್ಯ. ಆದರೂ ‘ಮರೆಯಲಾಗದ’, ‘ವಿಶಿಷ್ಟ’, ‘ರೋಮಾಂಚಕ’ ಎಂಬ ತೀರ್ಪುಗಳನ್ನು ಆಟಗಾರನಿಗೇ ಬಿಡುವುದು ಒಳ್ಳೆಯದು.

ದೀರ್ಘ ವಿವರಣೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದನ್ನು ಪೂರ್ತಿ ಓದುವವರು ಆಗಲೇ ಅರ್ಧ ಮನಸ್ಸು ಮಾಡಿದವರು. ಚಿಕ್ಕ ಪ್ಯಾರಾಗಳು, ಒಂದೊಂದು ಅಂಶಕ್ಕೂ ಅದನ್ನೇ ತೋರಿಸುವ ಪುಟ್ಟ ಚಲಿಸುವ ಚಿತ್ರ, ಆರಂಭದಲ್ಲೇ ಆಟದ ಸಾರ, ಇಷ್ಟಿದ್ದರೆ ಸಾಕು. ಕಥಾಲೋಕದ ಸಾವಿರ ವರ್ಷಗಳ ಇತಿಹಾಸದಿಂದ ಆರಂಭವಾಗುವ ವಿವರಣೆಯನ್ನು ತಲೆಕೆಳಗು ಮಾಡಿ, ಆಟದ ಮಾತನ್ನು ಮೇಲಕ್ಕೆ ತನ್ನಿ. ಚಲಿಸುವ ಚಿತ್ರಗಳ ಕಡತಗಳು ಭಾರವಾದರೆ ಪುಟ ನಿಧಾನವಾಗಿ ತೆರೆದುಕೊಳ್ಳುತ್ತದೆ, ಆದ್ದರಿಂದ ಸಾಧಾರಣ ಸಂಪರ್ಕದಲ್ಲಿ ಒಮ್ಮೆ ತೆರೆದು ನೋಡಿ. ವಿವರಣೆಯೊಳಗೆ ಹೊರಗಿನ ಜಾಲತಾಣಗಳ ಕೊಂಡಿಗಳನ್ನೂ, ಸ್ಟೀಮ್‌ನದೇ ಗುಂಡಿಗಳಂತೆ ಕಾಣುವ ಚಿತ್ರಗಳನ್ನೂ ಸ್ಟೀಮ್ 2024ರಿಂದ ನಿಷೇಧಿಸಿದೆ. ಹಳೆಯ ಪುಟಗಳಲ್ಲಿ ಅವು ಉಳಿದಿದ್ದರೆ ತೆಗೆದುಹಾಕಿ.

ಕೊಳ್ಳುತ್ತಾರೆ, ಹಿಂತಿರುಗಿಸುತ್ತಾರೆ

ಕೊಂಡು 14 ದಿನ ಮೀರದಿದ್ದರೆ ಮತ್ತು ಆಡಿದ ಸಮಯ ಎರಡು ಗಂಟೆ ದಾಟದಿದ್ದರೆ ಸ್ಟೀಮ್‌ನಲ್ಲಿ ಹಣ ಹಿಂಪಡೆಯಬಹುದು. ಹಾಗೆ ಹಿಂಪಡೆದವರು ಬರೆದ ಕಾರಣಗಳು ಡೆವಲಪರ್‌ಗೆ ಕಾಣುತ್ತವೆ, ಅವನ್ನು ಓದುವುದು ನೋವಿನ ಕೆಲಸವಾದರೂ ಬಿಡಬಾರದು. ಗೇಮ್ ಕ್ರ್ಯಾಶ್ ಆಗುತ್ತಿದೆ, ನಿಯಂತ್ರಣ ಸರಿಯಿಲ್ಲ ಎಂಬವು ಪುಟಕ್ಕೆ ಸಂಬಂಧಿಸಿದ್ದಲ್ಲ. ‘ನಾನು ಅಂದುಕೊಂಡಂತೆ ಇಲ್ಲ’ ಎಂಬ ಧಾಟಿಯ ಮಾತು ಪದೇ ಪದೇ ಬಂದರೆ ಅದು ನೇರವಾಗಿ ಪುಟದ ದೋಷ. ಅವರು ಏನನ್ನು ಅಂದುಕೊಂಡಿದ್ದರು ಎಂಬುದನ್ನು ಆ ಕಾರಣಗಳಿಂದಲೂ ನಕಾರಾತ್ಮಕ ವಿಮರ್ಶೆಗಳಿಂದಲೂ ಹೆಕ್ಕಿ, ಆ ಕಲ್ಪನೆ ಪುಟದ ಯಾವ ಚಿತ್ರದಿಂದ ಅಥವಾ ಯಾವ ಪದದಿಂದ ಹುಟ್ಟಿರಬಹುದೆಂದು ಹುಡುಕಿ. ಬಹು ಆಟಗಾರರ ಸೌಲಭ್ಯ, ಮುಕ್ತ ಲೋಕ, ಹತ್ತಾರು ಗಂಟೆಗಳ ಕಥೆ, ಇವುಗಳ ಸುಳಿವು ಟ್ರೇಲರ್‌ನ ಒಂದೇ ದೃಶ್ಯದಿಂದಲೂ ಹುಟ್ಟಬಹುದು. ಆ ದೃಶ್ಯವನ್ನು ತೆಗೆದರೆ ಮಾರಾಟ ಸ್ವಲ್ಪ ಇಳಿಯಬಹುದೆಂಬ ಭಯ ಸಹಜ, ಆದರೆ ಹಾಗೆ ಬಂದ ಮಾರಾಟ ಕೆಟ್ಟ ವಿಮರ್ಶೆಗಳನ್ನೂ ಜೊತೆಗೇ ತರುತ್ತದೆ.

ಬೇರೆ ಸ್ಟೋರ್‌ಗಳಲ್ಲಿ

ಇಚ್.ಐಒ ತಾಣದಲ್ಲಿ ಮುಖಚಿತ್ರದ ಅಳತೆ ಕನಿಷ್ಠ 315×250, ಉತ್ತಮವೆಂದು ಹೇಳಿರುವುದು 630×500 ಪಿಕ್ಸೆಲ್. ಬಹುಮಟ್ಟಿಗೆ ಚೌಕಾಕಾರಕ್ಕೆ ಹತ್ತಿರವಿರುವುದರಿಂದ ಸ್ಟೀಮ್‌ನ ಉದ್ದನೆಯ ಚಿತ್ರವನ್ನು ಕತ್ತರಿಸಿ ಹಾಕಿದರೆ ಲೋಗೋದ ಎರಡೂ ತುದಿ ಕಾಣೆಯಾಗುತ್ತವೆ. ಅಲ್ಲಿ ಚಲಿಸುವ ಮುಖಚಿತ್ರಕ್ಕೂ ಅವಕಾಶವಿದೆ. ಗೂಗಲ್ ಪ್ಲೇನಲ್ಲಿ 512×512ರ ಐಕಾನ್, 1024×500ರ ಫೀಚರ್ ಚಿತ್ರ, 30 ಅಕ್ಷರಗಳ ಹೆಸರು ಮತ್ತು 80 ಅಕ್ಷರಗಳ ಕಿರು ವಿವರಣೆ. ಸ್ಟೀಮ್‌ಗೆಂದು ಬರೆದ ವಾಕ್ಯ ಅಲ್ಲಿ ಅರ್ಧಕ್ಕೆ ತುಂಡಾಗುತ್ತದೆ, ಆದ್ದರಿಂದ ಹೊಸದಾಗಿಯೇ ಬರೆಯಬೇಕು. ಫೋನ್‌ನ ಸ್ಟೋರ್‌ಗಳಲ್ಲಿ ಐಕಾನ್‌ನೊಳಗೆ ಹೆಸರು ಬರೆಯಲು ಹೋಗದಿರುವುದೇ ಲೇಸು, ಹೆಸರು ಪಕ್ಕದಲ್ಲೇ ಇರುತ್ತದೆ.

ತಿದ್ದಿದ್ದು ಫಲಿಸಿತೇ ಎಂದು ತಿಳಿಯುವುದು

ಗೂಗಲ್ ಪ್ಲೇ ಮತ್ತು ಆಪಲ್‌ನ ಆ್ಯಪ್ ಸ್ಟೋರ್‌ಗಳಲ್ಲಿ ಎರಡು ಮೂರು ರೂಪಗಳನ್ನು ಏಕಕಾಲದಲ್ಲಿ ಬೇರೆಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯವಿದೆ. ಸ್ಟೀಮ್ ಪುಟದಲ್ಲಿ ನೀವು ಮಾಡುವ ಹೋಲಿಕೆ ತಿದ್ದುವ ಮೊದಲಿನ ಅವಧಿಗೂ ತಿದ್ದಿದ ನಂತರದ ಅವಧಿಗೂ ನಡುವಿನದ್ದು, ಹಾಗಾಗಿ ಶಿಸ್ತು ಹೆಚ್ಚು ಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ: ಕ್ಯಾಪ್ಸೂಲ್ ಬದಲಿಸಿದ ವಾರದಲ್ಲಿ ಟ್ಯಾಗ್ ಮುಟ್ಟಬೇಡಿ, ಟ್ರೇಲರ್ ಮುಟ್ಟಬೇಡಿ. ರಿಯಾಯಿತಿ ಮಾರಾಟ, ಡೆಮೊಗಳ ಉತ್ಸವವಾದ ಸ್ಟೀಮ್ ನೆಕ್ಸ್ಟ್ ಫೆಸ್ಟ್, ಯಾರಾದರೂ ಜನಪ್ರಿಯ ಸ್ಟ್ರೀಮರ್ ಆಡಿ ತೋರಿಸಿದ ದಿನಗಳು ಇವನ್ನು ಹೋಲಿಕೆಯಿಂದ ಹೊರಗಿಡಿ. ಹೊರಗಿನಿಂದ ಕಳಿಸುವ ಕೊಂಡಿಗಳಿಗೆ ಯುಟಿಎಂ ಗುರುತು (ಭೇಟಿ ಎಲ್ಲಿಂದ ಬಂತೆಂದು ತಿಳಿಸುವ, ಕೊಂಡಿಯ ಕೊನೆಗೆ ಜೋಡಿಸುವ ಪದಗಳು) ಸೇರಿಸಿದರೆ ಯಾವ ಪ್ರಚಾರದಿಂದ ಎಷ್ಟು ಭೇಟಿ, ಎಷ್ಟು ವಿಶ್‌ಲಿಸ್ಟ್ ಬಂತೆಂದು ಪ್ರತ್ಯೇಕವಾಗಿ ಕಾಣುತ್ತದೆ.

ಸಣ್ಣ ಅಂಕಿಗಳು ಸುಲಭವಾಗಿ ಮೋಸ ಮಾಡುತ್ತವೆ. ಒಂದು ಮೂಲದಿಂದ ವಾರಕ್ಕೆ 1,000 ಇಂಪ್ರೆಷನ್ ಬಂದು 20 ಕ್ಲಿಕ್ ಆಗುತ್ತಿದೆ ಎನ್ನೋಣ. ಏನೂ ಬದಲಿಸದಿದ್ದರೂ ಆ ಸಂಖ್ಯೆ ವಾರದಿಂದ ವಾರಕ್ಕೆ 15ರಿಂದ 25ರ ನಡುವೆ ಓಲಾಡುವುದು ಸಹಜ. ಹೊಸ ಕ್ಯಾಪ್ಸೂಲ್ ಹಾಕಿದ ವಾರ 25 ಕ್ಲಿಕ್ ಬಂದರೆ ಅದನ್ನು ಗೆಲುವೆನ್ನಲಾಗದು, 16 ಬಂದರೆ ಸೋಲೆನ್ನಲೂ ಆಗದು. ಇಂಪ್ರೆಷನ್ ಹತ್ತು ಸಾವಿರದ ಆಸುಪಾಸು ಸೇರುವವರೆಗೆ ಕಾಯಿರಿ. ಆಗ 200 ಇದ್ದದ್ದು 260 ಆದರೆ ಮಾತ್ರ ಏನೋ ನಿಜವಾಗಿ ಬದಲಾಗಿದೆ ಎಂದು ನಂಬಬಹುದು. ಅಷ್ಟು ಇಂಪ್ರೆಷನ್ ಬಾರದ ಪುಟಗಳಿಗೆ ಅಂಕಿಗಳಿಗಿಂತ, ಅಪರಿಚಿತರಿಗೆ ತೋರಿಸಿ ಪ್ರಶ್ನೆ ಕೇಳುವ ಪರೀಕ್ಷೆಯೇ ಹೆಚ್ಚು ನಂಬಲರ್ಹ.

ಪ್ರತಿ ಬದಲಾವಣೆಯ ದಿನಾಂಕ, ಬದಲಿಸಿದ ಭಾಗ, ಬದಲಿಸುವ ಹಿಂದಿನ ನಾಲ್ಕು ವಾರಗಳ ಮೂಲವಾರು ಅಂಕಿ, ಹಳೆಯ ಚಿತ್ರದ ಕಡತ ಇವನ್ನು ಒಂದೆಡೆ ಬರೆದಿಡಿ. ಅಂಕಿಗಳು ಇಳಿದರೆ ಹಳೆಯ ಕಡತವನ್ನೇ ಮತ್ತೆ ಏರಿಸಿ, ಅವು ಹಿಂದಿನ ಮಟ್ಟಕ್ಕೆ ಮರಳುತ್ತವೆಯೇ ನೋಡಿ. ಮರಳಿದರೆ ದೋಷ ಆ ಬದಲಾವಣೆಯದ್ದೇ ಎಂಬುದಕ್ಕೆ ಬಲವಾದ ಆಧಾರ ಸಿಗುತ್ತದೆ; ಮರಳದಿದ್ದರೆ ಇಳಿತದ ಕಾರಣ ಪುಟದ ಹೊರಗಿದೆ, ಮತ್ತು ಹುಡುಕಾಟವನ್ನು ಟ್ರಾಫಿಕ್ ಮೂಲಗಳ ವಿಂಗಡಣೆಯಿಂದಲೇ ಮತ್ತೆ ಆರಂಭಿಸಬೇಕು.